ತಳಮಳ ಇರಲಿ, ನಮ್ಮೂರಿನದು ಬೇಡ

ಹಾಸನದಲ್ಲಿ ಮೊನ್ನೆ ಒಂದು ಫೋಟೋ ಸ್ಪರ್ಧೆ ನಡೆಯಿತು. ವಿಷಯ, ಈ ಕಾಲದ ತಳಮಳ. ಸಮಾಜದಲ್ಲಿ, ರಾಜಕೀಯದಲ್ಲಿ ಏನೇನು ಕುದಿಯುತ್ತಿದೆಯೋ ಎಲ್ಲ ಸೆರೆಹಿಡಿದು ತನ್ನಿ ಅಂತ ಕರಪತ್ರ ಕರೆದಿತ್ತು. ನಿಯಮಗಳು ಅದರ ಹಿಂಬದಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ. ಪಕ್ಷದ ಬಾವುಟ ಕಾಣಬಾರದು. ಜಾತಿ, ಧರ್ಮದ ಸುಳಿವು ಇರಬಾರದು. ಧರಣಿ, ಲಾಠಿ, ಗುಂಡಿ ಬಿದ್ದ ರಸ್ತೆ ಬೇಡ. ಜಿಲ್ಲೆಯ ಹೆಸರು ಕೆಡಬಾರದು. ಇಷ್ಟೆಲ್ಲ ಕಳೆದು ಉಳಿದ ತಳಮಳವನ್ನು ಪ್ರಿಂಟ್ ಹಾಕಿಸಿ, 300 ರೂಪಾಯಿ ಜೊತೆಗೆ ಕೊಡಬೇಕು.

ನಾನೂ ಒಂದು ಕೊಟ್ಟೆ.

ಸಕಲೇಶಪುರದ ಕಡೆ ನಮ್ಮ ಚಿಕ್ಕಪ್ಪನ ಗದ್ದೆಗೆ ರಾತ್ರಿ ಆನೆ ಇಳಿದಿತ್ತು. ಬೆಳಿಗ್ಗೆ ನಾನು ಹೋದಾಗ ಮಂಜು ಇನ್ನೂ ಕರಗಿರಲಿಲ್ಲ. ತೆನೆ ಕಟ್ಟಿದ ಭತ್ತ ಚಾಪೆ ಹಾಸಿದ ಹಾಗೆ ಮಲಗಿತ್ತು. ಮಂಕರಿಯಗಲದ ಹೆಜ್ಜೆಗಳಲ್ಲಿ ನೀರು ನಿಂತಿತ್ತು. ಮಧ್ಯದಲ್ಲಿ ಚಿಕ್ಕಪ್ಪ, ಪಂಚೆ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ಪಹಣಿ ಹಿಡಿದು ನಿಂತಿದ್ದರು. ಪರಿಹಾರಕ್ಕೆ ಅರ್ಜಿ ಹಾಕಬೇಕು, ಹಾಳಾದ ಜಾಗದಲ್ಲೇ ನಿಂತು ಫೋಟೋ ತೆಗೆಸಬೇಕು, ಮೂಲೆಯಲ್ಲಿ ಜಿಪಿಎಸ್ ಬರಬೇಕು ಅಂತ ಯಾರೋ ಹೇಳಿದ್ದರಂತೆ. ಕ್ಯಾಮೆರಾ ಎತ್ತಿದ ಕೂಡಲೇ ಮನುಷ್ಯ ಅಭ್ಯಾಸಬಲದಿಂದ ಒಂಚೂರು ನಕ್ಕುಬಿಟ್ಟರು. ಆ ನಗುವೇ ಫೋಟೋ. ಗದ್ದೆ ಅಲ್ಲ.

ಬಹುಮಾನಕ್ಕೆ ಮೊದಲು ತೀರ್ಪುಗಾರರ ಭಾಷಣ. ಜಾಸ್ತಿ ತಿಳಿದವರು, ಸುಳ್ಳು ಹೇಳಬಾರದು. 1955ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯ ಕಥೆ ಹೇಳಿದರು. 1984ರ ಭೋಪಾಲ್, ಮಣ್ಣಾಗುತ್ತಿರುವ ಮಗುವಿನ ಮುಖ, ಅದನ್ನು ತೆಗೆದ ಪಾಬ್ಲೊ ಬಾರ್ತಲೋಮಿಯೊ. ಗಾಜಾದ ಖಾನ್ ಯೂನಿಸ್‌ನಲ್ಲಿ ಬಿಳಿ ಬಟ್ಟೆ ಸುತ್ತಿದ ಮಗುವಿನ ದೇಹ ತಬ್ಬಿಕೊಂಡ ಹೆಂಗಸು, 2024ರಲ್ಲಿ ಮೊಹಮ್ಮದ್ ಸಲೇಂಗೆ ವರ್ಷದ ಫೋಟೋ ಪ್ರಶಸ್ತಿ. ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ‘ಸತ್ಯ ತೋರಿಸೋಕೆ ಗುಂಡಿಗೆ ಬೇಕು’ ಅಂದರು. ಚಪ್ಪಾಳೆ.

ವಿಯೆಟ್ನಾಂ ಬಂತು. 1972ರಲ್ಲಿ ನಾಪಾಮ್ ಬೆಂಕಿಗೆ ಸಿಕ್ಕು ಓಡಿಬಂದ ಬಾಲಕಿಯ ಚಿತ್ರ ತೆಗೆದದ್ದು ನಿಜಕ್ಕೂ ಯಾರು ಅಂತ ಅನುಮಾನ ಎದ್ದು, 2025ರಲ್ಲಿ ಅದೇ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ಛಾಯಾಗ್ರಾಹಕನ ಹೆಸರನ್ನೇ ತಡೆಹಿಡಿಯಿತು. ನಮ್ಮಲ್ಲಿ ಆ ತಾಪತ್ರಯ ಇಲ್ಲ. ಫೋಟೋ ಯಾರು ತೆಗೆದರು ಅಂತ ಯಾರೂ ಕೇಳೋದಿಲ್ಲ. ಫ್ಲೆಕ್ಸ್‌ನಲ್ಲಿ ಯಾರ ಫೋಟೋ ದೊಡ್ಡದು ಅನ್ನೋದಷ್ಟೇ ಜಗಳ.

ಭಾಷಣ ಮುಗಿದ ಮೇಲೆ ಸಂಘಟಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು.

‘ಸಾರ್, ಫೋಟೋ ಸಕತ್ತಾಗಿದೆ. ಆದ್ರೆ ಬಹುಮಾನ ಕೊಡೋಕೆ ಸಾಹೇಬ್ರು ಬರ್ತಾರೆ. ಆನೆ ವಿಷಯ ಎತ್ತಿದ್ರೆ ಅವರಿಗೆ ಇರಿಸುಮುರಿಸು. ಇದೇ ಗದ್ದೆ ವಿಯೆಟ್ನಾಂನಲ್ಲಿ ಇದ್ದಿದ್ರೆ ಫಸ್ಟ್ ಪ್ರೈಜ್ ಗ್ಯಾರಂಟಿ ನೋಡಿ.’

ಹಾಗಂತ ಆನೆಯೇ ಬೇಡ ಅಂತೇನಲ್ಲ. ಗೋಡೆ ಮೇಲೆ ಅರ್ಜುನ ಇದ್ದ, ಅಂಬಾರಿ ಹೊತ್ತು, ಝಗಮಗ. ಎಂಟು ಸಲ ಅಂಬಾರಿ ಹೊತ್ತ ಆ ಅರ್ಜುನನೇ 2023ರ ಡಿಸೆಂಬರ್ 4ರಂದು ಇದೇ ಜಿಲ್ಲೆಯ ಯಸಳೂರಿನ ಕಾಡಲ್ಲಿ, ಕಾಡಾನೆ ಹಿಡಿಯುವ ಕೆಲಸಕ್ಕೆ ಹೋಗಿ ಸತ್ತ. ಆ ದಿನದ ಫೋಟೋ ಇರಲಿಲ್ಲ.

ಮೊದಲ ಬಹುಮಾನ, ಕರೆಂಟ್ ತಂತಿ ಮೇಲೆ ಕಿತ್ತಾಡುವ ಎರಡು ಮೈನಾ ಹಕ್ಕಿಗೆ. ಶೀರ್ಷಿಕೆ ‘ಬಣ ರಾಜಕೀಯ’. ಎರಡನೆಯದು ಮುಳ್ಳಯ್ಯನಗಿರಿಯ ಮೋಡಕ್ಕೆ, ಶೀರ್ಷಿಕೆ ‘ಅನಿಶ್ಚಿತತೆ’. ಮೂರನೆಯದು ಹಳೇಬೀಡಿನ ಗೋಡೆಯ ಚಕ್ರವ್ಯೂಹಕ್ಕೆ. ಜಾಣ ಆಯ್ಕೆ. ಯುದ್ಧವೂ ಇದೆ, ಹೆಣವೂ ಇದೆ, ಕೌರವರ ಕಡೆಯಿಂದ ಯಾರೂ ಫೋನ್ ಮಾಡೋದಿಲ್ಲ. ಸಾಹೇಬರು ಮೈನಾ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾವ ಬಣ ಅಂತ ಕೇಳಲಿಲ್ಲ.

ನನ್ನ ಫೋಟೋ ವಾಪಸ್ ಬಂತು. ಚಿಕ್ಕಪ್ಪನದೂ ಬಂತು, ಕಚೇರಿಯಿಂದ, ಅರ್ಜಿ ಸಮೇತ. ಆಕ್ಷೇಪ ಎರಡು. ಒಂದು, ನಷ್ಟ ಆದವರು ನಗುತ್ತಿದ್ದಾರೆ. ಎರಡು, ಫೋಟೋದಲ್ಲಿ ಆನೆ ಎಲ್ಲಿ?

ಚಿಕ್ಕಪ್ಪ ಈಗ ರಾತ್ರಿ ಮೊಬೈಲ್ ಫುಲ್ ಚಾರ್ಜ್ ಮಾಡಿ, ಜಿಪಿಎಸ್ ಆನ್ ಮಾಡಿಯೇ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾರೆ.