ಯಾವ ಆಟಕ್ಕೂ ಪೂರ್ತಿ ಸಲ್ಲದವನ ಫಿಟ್‌ನೆಸ್

ಬಳ್ಳಾರಿಯಲ್ಲಿ ಹೊಟ್ಟೆ ಬಂದರೆ ಮುಚ್ಚಿಡೋದು ಕಷ್ಟ. ಊರ ತುಂಬ ಜೀನ್ಸ್ ಹೊಲಿಯುವವರು. ಟೇಪ್ ಹಿಡಿಯದೆ ಕಣ್ಣಲ್ಲೇ ಸೊಂಟ ಅಳೆಯುವ ಜನ ಪಕ್ಕದ ಮನೆಯಲ್ಲೇ ಇರುತ್ತಾರೆ. "ಸಾರ್, ಇನ್ನ 38 ತಗೊಳ್ರಿ, 36 ಆಗಲ್ಲ ನಿಮಗ" ಅಂತ ಚಹಾ ಕುಡೀತಾನೇ ಹೇಳಿಬಿಡುತ್ತಾರೆ, ಅದೂ ನಾಲ್ಕು ಜನರ ಮುಂದೆ. ಇದರ ಜೊತೆಗೆ ಬೆಳಗಿನ ಒಗ್ಗರಣೆ-ಮಿರ್ಚಿ. ಒಗ್ಗರಣೆಯದ್ದೇನೂ ತಪ್ಪಿಲ್ಲ, ಪಾಪ. ಮಂಡಾಳು, ಅಂದರೆ ಮಂಡಕ್ಕಿ, ನೆನೆಸಿ ಹಿಂಡಿ ಈರುಳ್ಳಿ ಜೊತೆ ಬಾಣಲೆಗೆ ಹಾಕಿದ್ದು, ಹಗುರ. ತಕರಾರು ಇರೋದು ಮಿರ್ಚಿಯದ್ದು. ಒಂದಕ್ಕೇ ನಿಲ್ಲಿಸಿದವರನ್ನು ನಾನಂತೂ ನೋಡಿಲ್ಲ.

ಹೊಟ್ಟೆ ಕರಗಿಸಲು ನಮ್ಮ ಕಡೆ ಎರಡೇ ದಾರಿ ಅಂತ ನಂಬಿಕೆ. ಒಂದು ವಾಕಿಂಗು, ಇನ್ನೊಂದು ಜಿಮ್ಮು. ಜಿಮ್ಮಿಗೆ ವರ್ಷದ ದುಡ್ಡು ಒಟ್ಟಿಗೇ ಕಟ್ಟಿದವರು ಯುಗಾದಿ ಹೊತ್ತಿಗೆ ಅಲ್ಲಿ ಕಾಣೋದಿಲ್ಲ. ವಾಕಿಂಗ್‌ನವರು ವಾಸಿ, ಬರುತ್ತಾರೆ. ಆದರೆ ಈಗ ಅವರೂ ಕೈಗೆ ವಾಚ್ ಕಟ್ಟಿಕೊಂಡು ಹತ್ತು ಸಾವಿರ ಹೆಜ್ಜೆ ಲೆಕ್ಕ ಹಾಕ್ತಾ, ರಾತ್ರಿ ಮಲಗುವ ಮುಂಚೆ ಕಡಿಮೆ ಬಿದ್ದದ್ದನ್ನು ಹಾಲ್‌ನಲ್ಲೇ ಅತ್ತಿಂದಿತ್ತ ತಿರುಗಿ ತುಂಬಿಸುತ್ತಾರೆ. ಆ ಹತ್ತು ಸಾವಿರ ಯಾವ ಡಾಕ್ಟರೂ ಲೆಕ್ಕ ಹಾಕಿ ಹೇಳಿದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರುವಾಗ ಅದಕ್ಕೆ ಇಟ್ಟ ಹೆಸರಿನಲ್ಲಿದ್ದ ಅಂಕಿ. ನಡೆಯೋದು ಒಳ್ಳೇದೇ, ಬೇಡ ಅನ್ನಲ್ಲ. ಆದರೆ ದಿನಾ ಅದೇ ದಾರಿ, ಅದೇ ಬೇವಿನ ಮರ, ಎದುರಿಗೆ ಅದೇ ಮುಖಗಳು. ಕಾಲು ಸೋಲೋದಕ್ಕೆ ಮುಂಚೆ ಮನಸ್ಸು ಸೋತಿರುತ್ತದೆ.

ನಾನು ಕಂಡ ಹಾಗೆ ಜನ ವ್ಯಾಯಾಮ ಬಿಡೋದು ಸುಸ್ತಾಗಿ ಅಲ್ಲ, ಬೇಜಾರಾಗಿ. ಅದಕ್ಕೇ ನನ್ನದು ಬೇರೆ ಪಂಥ. ಸಿಕ್ಕ ಆಟ ಎಲ್ಲಾ ಆಡೋದು. ಒಂದರಲ್ಲಿ ಹುಲಿ ಆಗಬೇಕು ಅನ್ನೋ ಹಟ ಬೇಡ. ಈ ವಾರ ಶಟಲ್, ಮುಂದಿನ ವಾರ ವಾಲಿಬಾಲ್, ರಜೆ ಸಿಕ್ಕರೆ ಗುಡ್ಡ. ಬೇಜಾರಾಯಿತಾ, ಬಿಡಿ, ಇನ್ನೊಂದು ಹಿಡಿಯಿರಿ. ಶಿಸ್ತಿನ ಮನುಷ್ಯರಿಗೆ ಇದು ಕೋಪ ತರಿಸುತ್ತದೆ. ಇರಲಿ, ಅವರು ಏಳೋದೇ ಬೆಳಿಗ್ಗೆ ನಾಲ್ಕಕ್ಕೆ, ಅವರಿಗೆ ಬೇರೆ ಸಂತೋಷಗಳಿವೆ.

ನಮ್ಮ ಜಿಲ್ಲೆಯಲ್ಲೇ ತೋರಣಗಲ್ಲು ಹತ್ತಿರದ ವಿದ್ಯಾನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. 2018ರಲ್ಲಿ ಶುರುವಾದದ್ದು. ಟೋಕಿಯೊದಲ್ಲಿ 87.58 ಮೀಟರ್ ಜಾವೆಲಿನ್ ಎಸೆದು ಚಿನ್ನ ತಂದ ನೀರಜ್ ಚೋಪ್ರಾ ಕೂಡ ಅಲ್ಲಿ ತರಬೇತಿ ಮಾಡಿದವರೇ. ಅವರ ಹೆಸರು ಎತ್ತಿ ಮಕ್ಕಳಿಗೆ "ಶ್ರಮ ಪಡು, ಶ್ರಮ ಪಡು" ಅನ್ನುವವರು ಕಥೆಯ ಮೊದಲ ಭಾಗ ಹೇಳೋದೇ ಇಲ್ಲ. ಹರಿಯಾಣದ ಹಳ್ಳಿಯಲ್ಲಿ ನೀರಜ್ ದಪ್ಪ ಹುಡುಗ. ಮೈ ಇಳಿಯಲಿ ಅಂತ ಮನೆಯವರು ಪಾಣಿಪತ್ತಿಗೆ ಜಿಮ್ಮಿಗೆ ಕಳಿಸಿದರು. ಅಲ್ಲಿನ ಸ್ಟೇಡಿಯಂನಲ್ಲಿ ಯಾರೋ ಜಾವೆಲಿನ್ ಎಸೆಯೋದು ಕಣ್ಣಿಗೆ ಬಿತ್ತು, ಹುಡುಗನಿಗೆ ಅದು ಹಿಡಿಸಿತು. ಅಲ್ಲಿಗೆ ತೂಕದ ಮಾತು ಯಾರಿಗೆ ನೆನಪಿರುತ್ತೆ? ನಮಗೆ ಚಿನ್ನ ಬೇಡ ಬಿಡಿ, ಆ ಹಿಡಿಸೋದೊಂದು ಸಿಕ್ಕರೆ ಸಾಕು. ಮನೆಯಲ್ಲಿ ಕೂತರೆ ಯಾವುದು ಹಿಡಿಸುತ್ತೆ ಅಂತ ಗೊತ್ತಾಗೋದಾದರೂ ಹೇಗೆ?

ವಾಲಿಬಾಲ್ ವಿಷಯಕ್ಕೆ ಬನ್ನಿ. ಇದು ಹುಟ್ಟಿದ್ದೇ ನಮ್ಮಂಥವರಿಗೆ. ಅಮೆರಿಕದ ಹೋಲಿಯೋಕ್ ಅನ್ನೋ ಊರಿನ ವೈಎಂಸಿಎಯಲ್ಲಿ ವಿಲಿಯಂ ಮೋರ್ಗನ್ ಅಂತ ಒಬ್ಬ ವ್ಯಾಯಾಮದ ಮೇಷ್ಟ್ರು ಇದ್ದರು. ಅವರ ಹತ್ತಿರ ಬರುತ್ತಿದ್ದ ನಡುವಯಸ್ಸಿನ ವ್ಯಾಪಾರಸ್ಥರಿಗೆ ಬಾಸ್ಕೆಟ್‌ಬಾಲ್‌ನ ಓಟ, ನೂಕಾಟ ತಡೆಯುತ್ತಿರಲಿಲ್ಲ. ಅದಕ್ಕೆ 1895ರಲ್ಲಿ ಟೆನಿಸ್ ನೆಟ್ಟನ್ನು ಆರೂವರೆ ಅಡಿ ಎತ್ತರಕ್ಕೆ ಕಟ್ಟಿ, ಚೆಂಡನ್ನು ಕೈಯಲ್ಲಿ ತಟ್ಟಿ ಆಚೆ ಕಳಿಸುವ ಆಟ ಮಾಡಿಕೊಟ್ಟರು. ಯಾರೂ ಯಾರಿಗೂ ಡಿಕ್ಕಿ ಹೊಡೆಯೋ ಹಾಗಿಲ್ಲ. ಮುಂದೆ ಇದನ್ನೇ ಆರಡಿ ಹುಡುಗರು ಕೈಗೆ ತಗೊಂಡು ನೆಟ್ಟನ್ನು 2.43 ಮೀಟರ್‌ಗೆ ಏರಿಸಿ ನಮ್ಮ ಕೈಗೆ ಸಿಗದ ಹಾಗೆ ಮಾಡಿದರು. ನಾವು ಸಂಜೆ ಆಡುವ ಮೈದಾನದಲ್ಲಿ ಕಂಬಕ್ಕೆ ಹಗ್ಗ ಸ್ವಲ್ಪ ಕೆಳಗೇ ಕಟ್ಟುತ್ತೇವೆ. ಮೋರ್ಗನ್ ಸಾಹೇಬರು ಇದ್ದಿದ್ದರೆ ಬೇಡ ಅನ್ನುತ್ತಿರಲಿಲ್ಲ.

ಅಲ್ಲಿನ ಜಗಳ ಕೇಳೋಕೂ ಚೆಂದ. ಅಂಕ ಕೂಗೋದು ಇಂಗ್ಲಿಷಿನಲ್ಲಿ, ವಾದ ಶುರುವಾಗೋದು ಕನ್ನಡದಲ್ಲಿ, ಬಿಸಿ ಏರಿದರೆ "ಔಟ್ ಕಾದು ಅನ್ನಾ" ಅಂತ ತೆಲುಗಿಗೆ ತಿರುಗುತ್ತದೆ, ರಾಜಿ ಆಗೋದು ಹಿಂದಿಯಲ್ಲಿ. ಅದೇ ಮೈದಾನದ ಇನ್ನೊಂದು ಮೂಲೆಯಲ್ಲಿ ನಮ್ಮ ಓಣಿಯ ಅಕ್ಕಂದಿರ ಥ್ರೋಬಾಲ್. ಸೀರೆಯ ಸೆರಗು ಬಿಗಿದು, ಕೆಲವರು ಚೂಡಿದಾರದಲ್ಲಿ. ಅವರಲ್ಲಿ ವಾದ ಇಲ್ಲ, ಬರೀ ನಗು, ಆದರೆ ಎಸೆತ ಮಾತ್ರ ನಮ್ಮ ಸರ್ವೀಸಿಗಿಂತ ಜೋರು. ನನ್ನ ಅತ್ತಿಗೆಗೆ ವರ್ಷಗಟ್ಟಲೆ ಭುಜ ಹಿಡಿದುಕೊಳ್ಳುತ್ತಿತ್ತು, ಈಗ ಆ ಮಾತೇ ಎತ್ತಲ್ಲ. ಭುಜ ಸರಿ ಹೋಯಿತೋ, ಅದರ ಕಡೆಗಿದ್ದ ಗಮನ ತಪ್ಪಿತೋ, ಕೇಳಿದರೆ ಅವರಿಗೂ ಗೊತ್ತಿಲ್ಲ.

ಶಟಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅದರ ಮೇಲೆ ನನಗೆ ಮೋಹ. ಒಂದು ಕಾರ್ಕಿನ ತಲೆ, ಅದಕ್ಕೆ ಸುತ್ತ ಚುಚ್ಚಿದ 16 ಗರಿ, ಎಲ್ಲಾ ಸೇರಿ ಐದು ಗ್ರಾಂ ಆಸುಪಾಸು. ಅಂಗೈ ಮೇಲಿಟ್ಟರೆ ಇದೆಯೋ ಇಲ್ಲವೋ ಅನ್ನೋ ಹಾಗೆ. ಡಬ್ಬಿಯ ಮುಚ್ಚಳದ ಹತ್ತಿರ 76, 77, 78 ಅಂತ ಒಂದು ಸಂಖ್ಯೆ ಇರುತ್ತದೆ, ಅದು ವೇಗದ್ದು. ಬಿಸಿ ಗಾಳಿ ತೆಳು, ಶಟಲ್‌ಗೆ ತಡೆ ಕಡಿಮೆ, ಹೊಡೆದದ್ದು ಗೆರೆ ದಾಟಿ ಗೋಡೆಗೇ ಹೋಗುತ್ತದೆ. ಹಾಗಾಗಿ ಬಿಸಿ ಊರಿನವರು ಚಿಕ್ಕ ಸಂಖ್ಯೆಯದ್ದು, ಅಂದರೆ ನಿಧಾನದ್ದು ತಗೋಬೇಕು. ಬಳ್ಳಾರಿಯಲ್ಲಿ ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುತ್ತದೆ, ನಮ್ಮ ಊರಿಗೆ ಯಾವುದು ಸರಿ ಅಂತ ಬೇರೆ ಹೇಳಬೇಕಾ? ಒಣ ಹವೆಗೆ ಗರಿ ಪಟಪಟ ಮುರಿಯುತ್ತದೆ. ಗೊತ್ತಿರುವವರು ಡಬ್ಬಿಗೆ ಒಂಚೂರು ಹಬೆ ಹಿಡಿದು ಮುಚ್ಚಿ ಇಟ್ಟು ಮರುದಿನ ಆಡುತ್ತಾರೆ. ನಮ್ಮ ಮನೆಯಲ್ಲಿ ಇಡ್ಲಿ ಪಾತ್ರೆ ಪಕ್ಕ ಶಟಲ್ ಡಬ್ಬಿ ನೋಡಿದ ಅತ್ತೆ ಏನೂ ಕೇಳಲಿಲ್ಲ, ಸುಮ್ನೆ ಪಾತ್ರೆ ದೂರ ಸರಿಸಿದರು.

ಬಯಲಲ್ಲಿ ಶಟಲ್ ಆಡಿದರೆ ಗಾಳಿಯೇ ಮೂರನೇ ಆಟಗಾರ. ಅದಕ್ಕೆ ಹಿಂದಿನವರು ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರು. ಹಳದಿ ಉಲ್ಲನ್ ಚೆಂಡು, ಒಂದು ಕಡೆಗೆ ಐದು ಜನ. ನಮ್ಮ ಕಡೆಯ ಶಾಲೆ ಕಾಲೇಜುಗಳಲ್ಲಿ ಇದನ್ನು ಆಡಿ ಬೆಳೆದವರು ಇನ್ನೂ ಇದ್ದಾರೆ. ಅರವತ್ತು ದಾಟಿದವರ ಕೈಗೆ ಬ್ಯಾಟ್ ಕೊಟ್ಟು ನೋಡಿ, ನಿಂತಲ್ಲೇ ನಿಂತು ಮಣಿಕಟ್ಟಲ್ಲೇ ಕೊಯ್ದು ನಮ್ಮನ್ನು ಆ ಮೂಲೆ ಈ ಮೂಲೆ ಓಡಿಸುತ್ತಾರೆ.

ಇಷ್ಟೊಂದು ಆಟ ಯಾಕೆ ಅಂದರೆ, ಮೈಯೂ ಇದನ್ನೇ ಕೇಳುತ್ತದೆ. ನಡೆಯೋದು, ಓಡೋದು ಎರಡೂ ಮುಂದಕ್ಕೇ. ಶಟಲ್‌ನಲ್ಲಿ ಅಡ್ಡಕ್ಕೆ ಜಿಗಿಯಬೇಕು, ಹಿಂದಕ್ಕೆ ಓಡಬೇಕು, ಬಗ್ಗಿ ಏಳಬೇಕು. ಲಗೋರಿಯಲ್ಲಿ ಗುರಿಯಿಟ್ಟು ಎಸೆದು ತಪ್ಪಿಸಿಕೊಂಡು ಬಂದು ಕಲ್ಲು ಜೋಡಿಸಬೇಕು, ಅದೂ ಬೆನ್ನಿಗೆ ಚೆಂಡು ಬೀಳುವ ಮುಂಚೆ. ದಿನಾ ಒಂದೇ ಆಟ ಆಡಿದರೆ ಒಂದೇ ಕೀಲು, ಒಂದೇ ಸ್ನಾಯು ದುಡಿದು ದುಡಿದು ಸವೆಯುತ್ತದೆ, ಉಳಿದವು ರಜೆಯಲ್ಲಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಮಧ್ಯಮ ಅಂದರೆ ಎಷ್ಟು ಅಂತ ವಾಚ್ ನೋಡಬೇಕಿಲ್ಲ. ಆಡ್ತಾ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟೇ. ನಮ್ಮ ವಾಲಿಬಾಲ್ ಗುಂಪಿನ ಮಾತು ಕೇಳಿದರೆ ನಾವು ಅದಕ್ಕಿಂತ ಸ್ವಲ್ಪ ಕೆಳಗೇ ಇದ್ದೇವೇನೋ ಅನ್ನೋ ಅನುಮಾನ ನನಗಿದೆ.

ಒಂದು ಮಾತ್ರ ಮುಂಚೆಯೇ ಹೇಳಿಬಿಡ್ತೀನಿ. ಹೊಸ ಆಟ ಆಡಿದ ದಿನ ಏನೂ ಆಗಿರಲ್ಲ. ಮರುದಿನ ತೊಡೆ ಹಿಡಿಯುತ್ತದೆ, ಅದರ ಮರುದಿನ ಇನ್ನೂ ಜೋರು, ಮೆಟ್ಟಿಲು ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಒಂದೊಂದು ದೇವರ ಹೆಸರು. ಹೆದರಬೇಡಿ. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಸಣ್ಣ ಪೆಟ್ಟಾಗಿರುತ್ತದೆ, ಎರಡು ಮೂರು ದಿನಕ್ಕೆ ತಾನೇ ಹೋಗುತ್ತದೆ, ಮುಂದಿನ ಸಲ ಅಷ್ಟು ನೋಯಲ್ಲ. ಎದೆ ನೋವು, ಕೀಲು ಊದೋದು ಇವು ಬೇರೆ. ಅದಕ್ಕೆ ಡಾಕ್ಟರೇ ಬೇಕು, ಮುಲಾಮಲ್ಲ.

ರಜೆ ಸಿಕ್ಕರೆ ಗಂಗಾವತಿ ಕಡೆ ಹೋಗೋದು. ಆನೆಗೊಂದಿ ಹತ್ತಿರದ ಅಂಜನಾದ್ರಿಗೆ 575 ಮೆಟ್ಟಿಲು. ಹನುಮಪ್ಪನ ಹರಕೆ ಅಂದರೆ ಜಿಮ್ಮಿಗೆ ಕಾಲಿಡದ ಅಜ್ಜಿಯರೂ "ಜೈ ಶ್ರೀರಾಮ್" ಅಂತ ಹತ್ತಿಬಿಡುತ್ತಾರೆ. ಸಾಣಾಪುರದ ಬಂಡೆಗಳಲ್ಲಿ ಇನ್ನೊಂದು ನಮೂನೆಯ ಭಕ್ತರು. ಚಳಿಗಾಲದಲ್ಲಿ ಬರುವ ವಿದೇಶಿ ಹುಡುಗ ಹುಡುಗಿಯರು ಬೆನ್ನಿಗೆ ಮಡಚಿದ ದಪ್ಪ ಹಾಸಿಗೆ ಹೊತ್ತು ಹೋಗೋದು ನೋಡಿ ಊರಿನವರು ಮೊದಮೊದಲು ಬಯಲಲ್ಲಿ ಮಲಗೋಕೆ ಹೊರಟಿದ್ದಾರೆ ಅಂದುಕೊಂಡಿದ್ದರಂತೆ. ಅದು ಬಿದ್ದರೆ ಬೀಳೋಕೆ. ಹಗ್ಗ ಇಲ್ಲದೆ, ಕೈಗೆ ಬಿಳಿ ಪುಡಿ ಹಚ್ಚಿಕೊಂಡು, ಬೆರಳ ತುದಿ ಹಿಡಿಯುವಷ್ಟು ಅಂಚಿನಲ್ಲಿ ಬಂಡೆ ಹತ್ತುತ್ತಾರೆ. ನಾನೂ ಒಂದು ಚಿಕ್ಕ ಬಂಡೆಗೆ ಕೈ ಹಚ್ಚಿ ನೋಡಿದೆ. ಗ್ರಾನೈಟ್ ಅಂದರೆ ಏನು ಅಂತ ಅಂಗೈಗೆ ಗೊತ್ತಾಯಿತು, ಚರ್ಮ ಒಂದು ಪದರ ಅಲ್ಲೇ ಉಳಿಯಿತು, ಆದರೂ ಮೇಲೆ ಹೋಗಿ ಕೂತಾಗಿನ ಖುಷಿ ಬೇರೆಯದೇ. ಅಲ್ಲಿಂದ ಕೆರೆಗೆ ಬಂದರೆ ಹರಿಗೋಲು. ಹುಟ್ಟು ಹಾಕೋದು ನೋಡೋಕೆ ಸುಲಭ. ನಮ್ಮ ಕೈಗೆ ಕೊಟ್ಟರೆ ಬುಟ್ಟಿ ನಿಂತಲ್ಲೇ ಗಿರಗಿರ ಸುತ್ತುತ್ತದೆ. ಮುಂದೆ ಹೋಗಬೇಕಾದರೆ ಭುಜ, ಬೆನ್ನು, ಹೊಟ್ಟೆ ಮೂರೂ ಒಪ್ಪಬೇಕು. ನದಿಯಲ್ಲಿ ಈಜೋಕೆ ಮಾತ್ರ ಇಳಿಯಬೇಡಿ. ತುಂಗಭದ್ರೆಯಲ್ಲಿ ಸುಳಿಗಳಿವೆ, ಮೊಸಳೆಗಳೂ ಇವೆ. ಅಲ್ಲಿ ವೇಗವಾಗಿ ಈಜೋದು ಕಲಿಯಬಹುದು, ಆದರೆ ಒಂದೇ ಸಲ.

ಸದ್ಯಕ್ಕೆ ನನ್ನ ಕಣ್ಣು ಗರಡಿ ಮೇಲಿದೆ. ರಾಯಚೂರಿನ ಮುಂಗಾರು ಹಬ್ಬದಲ್ಲಿ, ಕಾರಹುಣ್ಣಿಮೆ ಹೊತ್ತಿಗೆ, ಎತ್ತುಗಳು ದೊಡ್ಡ ಕಲ್ಲು ಎಳೆಯೋದನ್ನು ನೋಡೋಕೆ ಹೋದವನಿಗೆ ಅಲ್ಲಿನ ಕುಸ್ತಿಯೂ, ಕಲ್ಲು ಎತ್ತುವವರೂ ತಲೆ ತುಂಬಿಬಿಟ್ಟರು. ವಾಪಸ್ ಬಂದವನೇ ಊರಿನ ಒಂದು ಹಳೇ ಗರಡಿಗೆ ಹೋಗಿ ವಸ್ತಾದರನ್ನು ಕಂಡೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ವಯಸ್ಸು ಕೇಳಿದರು. ಕುಸ್ತಿ ಹಿಡಿಯೋಕೆ ಬಂದಿಲ್ರೀ, ಸುಮ್ನೆ ಬಸ್ಕಿ, ದಂಡ, ಏನಾದರೂ ಹೇಳಿಕೊಡ್ರಿ ಅಂದೆ.

"ಬಸ್ಕಿ ಆಮ್ಯಾಲ ಸಾರ್. ಮೊದಲು ಒಂದು ತಿಂಗಳು ಬೆಳಿಗ್ಗೆ ಬಂದು ಈ ಮಣ್ಣು ಅಗೆದು ಮೇಲ ಕೆಳಗ ಮಾಡ್ರಿ."

ಗುದ್ದಲಿ ನಾನೇ ತರಬೇಕಾ ಅಂತ ಕೇಳಿದೆ. ಇಲ್ಲೇ ಮೂರು ಇವೆ, ಗೆಳೆಯರು ಇದ್ದರೆ ಅವರನ್ನೂ ಕರಕೊಂಡು ಬರ್ರಿ ಅಂದರು.