ಆ ಟೋಪಿ ಎತ್ತಿ ನಂಬರ್ ತೋರಿಸಿ

ಎಂಟು ತಿಂಗಳಿಂದ ಒಂದು 1969ರ ಷೆವ್ರೊಲೆ ಕಮಾರೊ ಝಡ್-28 ಕಾರು ಹುಡುಕುತ್ತಿದ್ದೇನೆ. ಹೋದ ಶನಿವಾರ ಆಗಿದ್ದನ್ನು ಬರೆಯದೇ ಇದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಅಷ್ಟು ಸಿಟ್ಟು ಬಂದಿದೆ.

ನನ್ನ ಊರು ಶಿವಮೊಗ್ಗ. ಹದಿನಾಲ್ಕು ವರ್ಷದಿಂದ ಮಿಷಿಗನ್‌ನ ಕ್ಯಾಂಟನ್‌ನಲ್ಲಿದ್ದೇನೆ, ಕಾರಿನ ಬ್ರೇಕ್ ವಿಭಾಗದಲ್ಲಿ ಕೆಲಸ. ಇಲ್ಲಿಗೆ ಬಂದ ಮೊದಲ ಆಗಸ್ಟ್‌ನಲ್ಲೇ ವುಡ್‌ವರ್ಡ್ ರಸ್ತೆಯ ಹಳೆ ಕಾರುಗಳ ಮೆರವಣಿಗೆ ನೋಡಲು ಹೋಗಿದ್ದೆ. 1995ರಿಂದ ನಡೆಯುತ್ತಿರುವ ಜಾತ್ರೆ ಅದು. ಸಿಗ್ನಲ್‌ನಲ್ಲಿ ಒಂದು ಝಡ್-28 ಬಂದು ನಿಂತಿತು. ನಿಂತಲ್ಲೇ ಇಡೀ ಕಾರು ಕುಣಿಯುತ್ತಿತ್ತು. ಆ ಎಂಜಿನ್ ಸದ್ದು ಎದೆಯೊಳಗೆ ಹೊಕ್ಕಿತು. ಅವತ್ತಿನಿಂದ ದುಡ್ಡು ಕೂಡಿಡುತ್ತಾ ಬಂದಿದ್ದೇನೆ. ಮನೆ ಸಾಲ, ಮಗಳ ಓದು, ಊರಿಗೆ ಕಳಿಸುವುದು ಎಲ್ಲ ಕಳೆದು ಉಳಿದಿದ್ದನ್ನು, ಸ್ವಲ್ಪ ಸ್ವಲ್ಪವೇ.

ಈ ಕಾರಿನ ಕಥೆ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳುತ್ತೇನೆ. ಟ್ರಾನ್ಸ್-ಆಮ್ ಅನ್ನುವ ರೇಸ್‌ನಲ್ಲಿ ಎಂಜಿನ್ ಐದು ಲೀಟರ್ ದಾಟುವಂತಿರಲಿಲ್ಲ. ಅದಕ್ಕಾಗಿಯೇ ಷೆವ್ರೊಲೆಯವರು 302 ಕ್ಯೂಬಿಕ್ ಇಂಚಿನ ವಿ8 ಎಂಜಿನ್ ಮಾಡಿ ಕಮಾರೊಗೆ ಕೂರಿಸಿದರು. 1967ರಲ್ಲಿ ಆಗಿದ್ದು ಬರೀ 602 ಕಾರು. 1969ರಲ್ಲಿ 20,302. ಅದೇ 1969ರ ಮಾಡೆಲ್‌ನ ಒಟ್ಟು ಕಮಾರೊಗಳು 2,43,085. ಅಂದರೆ ಒಂದು ಝಡ್-28ಗೆ ಹತ್ತಕ್ಕಿಂತ ಜಾಸ್ತಿ ಬೇರೆ ಕಮಾರೊ. ಹೊರಗಿನಿಂದ ನೋಡಿದರೆ ಎಲ್ಲಕ್ಕೂ ಒಂದೇ ಬಾಡಿ. ಎರಡು ಅಗಲ ಪಟ್ಟೆ ಬಳಿದು, ನಾಲ್ಕು ಬ್ಯಾಡ್ಜ್ ಅಂಟಿಸಿದರೆ ಸಾಕು, ಸಾಧಾರಣ ಕಾರಿನ ಬೆಲೆ ಹತ್ತಾರು ಸಾವಿರ ಡಾಲರ್ ಮೇಲೇರುತ್ತದೆ. ಬ್ಯಾಡ್ಜ್, ಪಟ್ಟೆ, ಏರ್ ಕ್ಲೀನರ್ ಎಲ್ಲವೂ ಹೊಸದಾಗಿ ಮಾರ್ಕೆಟ್‌ನಲ್ಲಿ ಸಿಗುತ್ತವೆ. ಅಷ್ಟೇ ಯಾಕೆ, 1969ರ ಕಮಾರೊದ ಇಡೀ ಬಾಡಿಯೇ ಇವತ್ತು ಹೊಸದಾಗಿ ಸಿಗುತ್ತದೆ.

ಸರಿ, ಶನಿವಾರದ ವಿಷಯಕ್ಕೆ ಬರುತ್ತೇನೆ.

ಜಾಹೀರಾತಿನಲ್ಲಿ ನೀಲಿ ಕಾರು, ಬಿಳಿ ಪಟ್ಟೆ. ‘ನಿಜವಾದ ಎಕ್ಸ್33 ಝಡ್-28, ನಂಬರ್ಸ್ ಮ್ಯಾಚಿಂಗ್’ ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ನಂಬರ್ಸ್ ಮ್ಯಾಚಿಂಗ್ ಅಂದರೆ ಫ್ಯಾಕ್ಟರಿಯಲ್ಲಿ ಕೂರಿಸಿದ ಎಂಜಿನ್ನೇ ಈಗಲೂ ಇದೆ, ಅದರ ನಂಬರ್ ಕಾರಿನ ನಂಬರಿಗೆ ಹೊಂದುತ್ತದೆ ಅಂತ. ಎಕ್ಸ್33 ವಿಷಯ ಮುಂದೆ ಹೇಳುತ್ತೇನೆ. 92 ಫೋಟೋ ಹಾಕಿದ್ದರು. ಬೂದಿ ಡಬ್ಬದ ಫೋಟೋ ಇತ್ತು. ಡಿಕ್ಕಿಯ ಚಾಪೆಯ ಫೋಟೋ ಮೂರಿತ್ತು. ಸ್ಪೇರ್ ಟೈರಿನ ಫೋಟೋ ಇತ್ತು. ವಿನ್ ನಂಬರಿನ ಫೋಟೋ ಮಾತ್ರ ಇರಲಿಲ್ಲ. ನಮ್ಮಲ್ಲಿ ಚಾಸಿ ನಂಬರ್ ಅನ್ನುತ್ತೇವಲ್ಲ, ಅದು. 1968ರಿಂದ ಈಚಿನ ಕಾರುಗಳಲ್ಲಿ ಆ ನಂಬರ್ ಡ್ಯಾಶ್‌ಬೋರ್ಡ್ ಮೇಲೆ, ಡ್ರೈವರ್ ಕಡೆಯ ಮೂಲೆಯಲ್ಲಿ, ಗಾಜಿನ ಹೊರಗಿನಿಂದಲೇ ಕಾಣುತ್ತದೆ. ಫೋನ್ ಹಿಡಿದು ಒಂದು ಫೋಟೋ ತೆಗೆಯಲು ಐದು ಸೆಕೆಂಡ್ ಬೇಕು.

ಕೇಳಿದೆ. ‘ಕಾಗದ ಎಲ್ಲ ಬ್ಯಾಂಕ್ ಲಾಕರ್‌ನಲ್ಲಿದೆ, ಬಂದು ಕಾರು ನೋಡಿ’ ಅಂತ ಉತ್ತರ. ಕಾಗದ ಯಾರು ಕೇಳಿದರು? ನಾನು ಕೇಳಿದ್ದು ಕಾರಿನ ಮೇಲಿರುವ ನಂಬರ್. ಮತ್ತೆ ಕೇಳಿದೆ. ‘ಇನ್ನೂ ಇಬ್ಬರು ನೋಡಲು ಬರುತ್ತಿದ್ದಾರೆ, ಬೇಕಿದ್ದರೆ 500 ಡಾಲರ್ ಮುಂಗಡ ಕಳಿಸಿ’ ಅಂದರು. ಮುಂಗಡ ಕಳಿಸಲಿಲ್ಲ. ಆದರೂ ಹೋದೆ. ಆಸೆ ಅಲ್ವಾ, ಎಂಟು ತಿಂಗಳ ಹುಡುಕಾಟ.

ಶನಿವಾರ ಬೆಳಿಗ್ಗೆ ಐದೂವರೆಗೆ ಎದ್ದು, ನಮ್ಮೂರಿನವನೇ ಆದ ಸ್ನೇಹಿತನನ್ನು ಕರೆದುಕೊಂಡು ಹೊರಟೆ. ಓಹಾಯೊದ ಡೇಟನ್ ಹತ್ತಿರ, ಹೆಚ್ಚುಕಡಿಮೆ 300 ಕಿಲೋಮೀಟರ್. ಹೆಂಡತಿ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ದಾರಿಯುದ್ದಕ್ಕೂ ಗೆಳೆಯ ಒಂದೇ ಮಾತು: ‘ನಂಬರ್ ಕೊಡದವನ ಹತ್ತಿರ ಯಾಕೆ ಹೋಗ್ತೀಯ ಮಾರಾಯ?’ ಅವನು ಹೇಳಿದ್ದೇ ಸರಿ.

ಕಾರು ಮಿರಮಿರ ಮಿಂಚುತ್ತಿತ್ತು. ಡ್ಯಾಶ್‌ಬೋರ್ಡಿನ ಎಡಮೂಲೆಯಲ್ಲಿ ಒಂದು ಟೋಪಿ ಇಟ್ಟಿತ್ತು. ಎತ್ತಿದೆ. ನಂಬರ್ 12337 ಅಂತ ಶುರುವಾಗುತ್ತಿತ್ತು.

ಇದರಲ್ಲಿ ಏನಿದೆ ಅಂತ ಹೇಳುತ್ತೇನೆ. ಮೊದಲ 1 ಅಂದರೆ ಷೆವ್ರೊಲೆ. 24 ಇದ್ದರೆ ವಿ8 ಎಂಜಿನಿನ ಕಮಾರೊ, 23 ಇದ್ದರೆ ಆರು ಸಿಲಿಂಡರಿನ ಕಮಾರೊ. 37 ಅಂದರೆ ಕೂಪೆ. ಫ್ಯಾಕ್ಟರಿಯಿಂದ ಆರು ಸಿಲಿಂಡರ್ ಎಂಜಿನ್‌ನಲ್ಲಿ ಹೊರಟ ಕಾರು ಯಾವ ಜನ್ಮಕ್ಕೂ ಝಡ್-28 ಆಗುವುದಿಲ್ಲ. ಮೂರನೇ ಅಂಕಿ ನೋಡಿದರೆ ಮುಗಿಯಿತು. ಮೂರೇ ಮೂರು ಅಂಕಿ! ಅದನ್ನು ಹೇಳಿದ್ದರೆ ನನ್ನ ಒಂದು ದಿನ ಉಳಿಯುತ್ತಿತ್ತು, ಗೆಳೆಯನ ಒಂದು ದಿನ ಉಳಿಯುತ್ತಿತ್ತು.

ಬಾನೆಟ್ ತೆಗೆಸಿದೆ. ಎಂಜಿನ್ ಹಿಂದಿನ ತಗಡಿನ ಮೇಲೆ ಒಂದು ಪುಟ್ಟ ಪಟ್ಟಿ ಇರುತ್ತದೆ, ಟ್ರಿಮ್ ಟ್ಯಾಗ್ ಅಂತ. ಬಣ್ಣ, ಸೀಟಿನ ಬಟ್ಟೆ, ಕಾರು ತಯಾರಾದ ವಾರ ಎಲ್ಲ ಅದರಲ್ಲಿರುತ್ತದೆ. ಓಹಾಯೊದ ನಾರ್ವುಡ್ ಫ್ಯಾಕ್ಟರಿಯ ಕಾರುಗಳಲ್ಲಿ ಎಕ್ಸ್ ಅಕ್ಷರದ ಸಂಕೇತವೂ ಇರುತ್ತದೆ. ಎಕ್ಸ್33, ಎಕ್ಸ್77 ಇದ್ದರೆ ಝಡ್-28. ಈ ಕಾರಿನಲ್ಲಿ ಎಕ್ಸ್33 ಇತ್ತು. ಆದರೆ ಅದೇ ಪಟ್ಟಿಯ ಮೇಲೆ ತಯಾರಾದ ತಿಂಗಳು 10 ಅಂತಿತ್ತು, 1968ರ ಅಕ್ಟೋಬರ್. ಆ ಎಕ್ಸ್ ಸಂಕೇತ ಹಾಕಲು ಶುರು ಮಾಡಿದ್ದೇ 1968ರ ಡಿಸೆಂಬರ್‌ನಲ್ಲಿ! ಯಾರೋ ಹೊಸ ಪಟ್ಟಿ ಹೊಡೆಸಿ, ಹಳೆಯದನ್ನು ಕಿತ್ತು ಇದನ್ನು ಕೂರಿಸಿದ್ದಾರೆ. ರಿವೆಟ್‌ಗಳು ಫಳಫಳ ಅನ್ನುತ್ತಿದ್ದವು. ನನಗೆ ಕೈ ನಡುಗಿತು. ಬ್ಯಾಡ್ಜ್ ಅಂಟಿಸುವುದು ಒಂದು. ಕಾರಿನ ಹುಟ್ಟಿದ ದಾಖಲೆಯನ್ನೇ ಕಿತ್ತು ಸುಳ್ಳು ದಾಖಲೆ ಹೊಡೆಯುವುದು ಇನ್ನೊಂದು. ಇದು ತಪ್ಪು ತಿಳಿವಳಿಕೆ ಅಲ್ಲ. ಯಾರೋ ಕುಳಿತು, ಯೋಚಿಸಿ, ದುಡ್ಡು ಕೊಟ್ಟು ಮಾಡಿಸಿದ ಮೋಸ.

ಕಾರಿನ ಕೆಳಗೆ ಮಲಗಿ ನೋಡಿದೆ. ಹಿಂದಿನ ಚಕ್ರದ ಲೀಫ್ ಸ್ಪ್ರಿಂಗ್ ಒಂಟಿ ಪಟ್ಟಿ. ಝಡ್-28ಗೆ ಒಂದರ ಮೇಲೊಂದು ಜೋಡಿಸಿದ ಐದು ಪಟ್ಟಿ ಇರಬೇಕು. ಹಿಂದಿನ ಆಕ್ಸಲ್ ಮುಚ್ಚಳದಲ್ಲಿ ಹನ್ನೆರಡು ಬೋಲ್ಟ್ ಇರಬೇಕು, ಇದರಲ್ಲಿ ಹತ್ತೇ ಇತ್ತು. ಮೇಲೆ ಕಾಣುವ ಕಡೆ ಮಾತ್ರ ಖರ್ಚು ಮಾಡಿದ್ದಾರೆ.

ಮಾರುವವರು ಏನಂದರು ಗೊತ್ತಾ? ‘ನಾನು ಕೊಂಡಾಗಲೇ ಹೀಗಿತ್ತು. ಓಡಿಸುವುದಕ್ಕೆ ಝಡ್-28 ಥರಾನೇ ಇದೆಯಲ್ಲ, ನಂಬರ್ ಕಟ್ಟಿಕೊಂಡು ಏನು ಮಾಡುತ್ತೀರಿ?’ ಹಾಗಾದರೆ ಬೆಲೆಯನ್ನು ಯಾಕೆ ನಂಬರಿನ ಮೇಲೆ ಕಟ್ಟಿದ್ದೀರಿ ಅಂತ ಕೇಳಿದೆ. ಉತ್ತರ ಇಲ್ಲ. ಬೆಲೆ ಹೇಳುವಾಗ ‘ನಂಬರ್ಸ್ ಮ್ಯಾಚಿಂಗ್’, ಸಿಕ್ಕಿಬಿದ್ದಾಗ ‘ನಂಬರ್ ಯಾಕೆ’. ಇದು ಯಾವ ನ್ಯಾಯ?

ಇದು ಒಂದೇ ಆಗಿದ್ದರೆ ಬಿಡುತ್ತಿದ್ದೆ. ಎಂಟು ತಿಂಗಳಲ್ಲಿ ಎಷ್ಟು ನೋಡಿದ್ದೇನೆ! ಒಬ್ಬರು 1969ರ ‘ಅಸಲಿ ಝಡ್-28’ ಹಾಕಿದ್ದರು, ಒಳಗೆ ಆಟೋಮ್ಯಾಟಿಕ್ ಗೇರ್. ಆ ವರ್ಷ ಝಡ್-28ಗೆ ನಾಲ್ಕು ಗೇರಿನ ಮ್ಯಾನ್ಯುಯಲ್ ಬಿಟ್ಟು ಬೇರೆ ಇರಲೇ ಇಲ್ಲ. ಇನ್ನೊಬ್ಬರದು ‘ಫ್ಯಾಕ್ಟರಿ ಎಸಿ ಇರುವ ಝಡ್-28’. ಝಡ್-28ಗೆ ಆಗ ಫ್ಯಾಕ್ಟರಿ ಎಸಿ ಕೊಡುತ್ತಲೇ ಇರಲಿಲ್ಲ. ಎಕ್ಸ್11 ಪಟ್ಟಿ ತೋರಿಸಿ ‘ಎಸ್‌ಎಸ್ ಅನ್ನುವುದಕ್ಕೆ ಸಾಕ್ಷಿ’ ಅನ್ನುವವರಂತೂ ಲೆಕ್ಕವಿಲ್ಲ. ಎಸ್‌ಎಸ್ ಅಂದರೆ ಷೆವ್ರೊಲೆಯ ಇನ್ನೊಂದು ಜೋರಿನ ಮಾದರಿ. ಎಕ್ಸ್11 ಅಂದರೆ ಹೊರಗಿನ ಅಲಂಕಾರದ ಪ್ಯಾಕೇಜ್ ಇದೆ ಅಂತ ಅಷ್ಟೇ. ಎಸ್‌ಎಸ್ ಇರಬಹುದು, ಇಲ್ಲದೇ ಇರಬಹುದು.

ಎಂಜಿನ್ ನಂಬರಿನ ಮೋಸ ಇದಕ್ಕಿಂತ ಕೆಟ್ಟದ್ದು. ಎಂಜಿನಿನ ಮುಂಭಾಗದಲ್ಲಿ, ಬಲಗಡೆ ಸಿಲಿಂಡರ್ ಹೆಡ್ಡಿನ ಮುಂದೆ ಒಂದು ಚಪ್ಪಟೆ ಜಾಗ ಇದೆ. ಎಂಜಿನ್ ತಯಾರಾದ ದಿನ, ಅದರ ಜಾತಿ, ಕಾರಿನ ನಂಬರಿನ ಕೊನೆಯ ಭಾಗ ಅಲ್ಲಿ ಕೊರೆದಿರುತ್ತದೆ. 1969ರ ಝಡ್-28 ಎಂಜಿನ್‌ಗೆ ‘ಡಿಝಡ್’ ಅನ್ನುವ ಅಕ್ಷರ. ಫ್ಯಾಕ್ಟರಿಯ ಯಂತ್ರ ಆ ಜಾಗವನ್ನು ಕತ್ತರಿಸಿದಾಗ ಸಣ್ಣ ಸಣ್ಣ ನೇರ ಗೆರೆ ಉಳಿಯುತ್ತವೆ. ಮೋಸಗಾರರು ಬೇರೆ ಎಂಜಿನ್ ತಂದು, ಆ ಜಾಗ ಉಜ್ಜಿ, ಬೇಕಾದ ನಂಬರ್ ಹೊಡೆಯುತ್ತಾರೆ. ಗೆರೆ ಅಳಿಸಿ ಹೋಗಿ ಕನ್ನಡಿಯಂತೆ ನುಣುಪಾಗಿದ್ದರೆ ಅನುಮಾನ ಪಡಬೇಕು. ಈಗ ಆ ಗೆರೆಗಳನ್ನೂ ನಕಲಿ ಮಾಡುವವರು ಇದ್ದಾರೆ. ಕೊಳ್ಳುವವನು ಭೂತಗನ್ನಡಿ ಹಿಡಿದು ಗೆರೆ ಎಣಿಸಬೇಕು, ಅವರು ಮಾತ್ರ ಆರಾಮಾಗಿ ಸುಳ್ಳು ಬರೆಯಬಹುದು.

ಬೇರೆ ಕಂಪನಿಯ ಕಾರುಗಳಲ್ಲಿ ಸತ್ಯ ಸ್ವಲ್ಪ ಬೇಗ ಸಿಗುತ್ತದೆ. 1970ರ ಪ್ಲಿಮತ್, ಡಾಡ್ಜ್‌ಗಳಲ್ಲಿ ವಿನ್‌ನ ಐದನೇ ಅಕ್ಷರ ‘ಆರ್’ ಇದ್ದರೆ ಮಾತ್ರ ಅದು 426 ಹೆಮಿ ಎಂಜಿನ್ನಿನ ಕಾರು. ಫೋರ್ಡ್‌ನಲ್ಲಿ 1967ರಿಂದ ಈಚಿನ ಕಾರಿಗೆ ಮಾರ್ಟಿ ರಿಪೋರ್ಟ್ ತರಿಸಬಹುದು, ಕಂಪನಿಯ ದಾಖಲೆಯೇ ಅದಕ್ಕೆ ಆಧಾರ. ಪಾಂಟಿಯಾಕ್‌ಗೂ ಹಳೆ ದಾಖಲೆ ಕೊಡುವವರು ಇದ್ದಾರೆ. ಅವರದೇ 1966ರ ಜಿಟಿಒ ಕಾರು ಆದರೆ ವಿನ್ 242 ಅಂತಲೇ ಶುರುವಾಗುತ್ತದೆ. ಷೆವ್ರೊಲೆಗೆ ಆ ಭಾಗ್ಯ ಇಲ್ಲ. ಅಮೆರಿಕದಲ್ಲೇ ಮಾರಾಟವಾದ 1969ರ ಕಮಾರೊ ಯಾವ ಆಪ್ಷನ್ ಹೊತ್ತು ಹೊರಬಂತು ಅಂತ ನಂಬರ್ ಕೊಟ್ಟು ಕೇಳಲು ಫ್ಯಾಕ್ಟರಿ ದಾಖಲೆ ಉಳಿದಿಲ್ಲ. ವಿ8 ಅನ್ನುವವರೆಗೆ ವಿನ್ ಹೇಳುತ್ತದೆ, ಝಡ್-28 ಅಂತ ಹೇಳುವುದಿಲ್ಲ. ಉಳಿದಿದ್ದು ಪೆಟ್ರೋಲ್ ಟ್ಯಾಂಕ್ ಮೇಲೆ ಸಿಗಬಹುದಾದ ಬಿಲ್ಡ್ ಶೀಟ್ (ಕಾರಿಗೆ ಏನೇನು ಹಾಕಬೇಕು ಅಂತ ಫ್ಯಾಕ್ಟರಿಯಲ್ಲಿ ಬರೆದ ಪಟ್ಟಿ), ಡೀಲರ್ ಕೊಟ್ಟ ಬಿಲ್ಲು, ವಾರಂಟಿಯ ಲೋಹದ ಕಾರ್ಡು. ಅದಕ್ಕೇ ಈ ಕಾಗದಗಳನ್ನೂ ಹೊಸದಾಗಿ ಅಚ್ಚು ಹಾಕಿ, ಟೀ ನೀರಿನಲ್ಲಿ ಅದ್ದಿ ಹಳೆಯದು ಮಾಡುತ್ತಾರೆ.

ಇದರಿಂದ ನಿಜವಾಗಿ ಪೆಟ್ಟು ತಿನ್ನುವವರು ಯಾರು ಗೊತ್ತಾ? ನಮ್ಮ ಎದುರುಮನೆಯ ಅಜ್ಜ. ಎಂಬತ್ತು ದಾಟಿದ್ದಾರೆ, ಫ್ಲಿಂಟ್‌ನ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ನನಗೆ ಈ ನಂಬರ್ ಓದುವುದು ಕಲಿಸಿದ್ದೇ ಅವರು. ಅವರು ತಮ್ಮ 1969ರ ಷೆವ್ರೊಲೆ ಷೆವೆಲ್ ಎಸ್‌ಎಸ್ 396 ಅನ್ನು ಹೊಸದಾಗಿ ಕೊಂಡವರು. ಐವತ್ತಕ್ಕೂ ಹೆಚ್ಚು ವರ್ಷ ಒಬ್ಬರದೇ ಕೈ. ಹೆಂಡತಿಯ ಔಷಧಿ ಖರ್ಚಿಗೆ ಹೋದ ವರ್ಷ ಮಾರಲು ಹೊರಟರು. 1966ರಿಂದ 68ರವರೆಗಿನ ಎಸ್‌ಎಸ್‌ಗೆ ವಿನ್ 138 ಅಂತ ಬೇರೆ ಇತ್ತು. 1969ರಲ್ಲಿ ಎಸ್‌ಎಸ್ ಬರೀ ಒಂದು ಆಪ್ಷನ್ ಆಯಿತು, ನಂಬರ್ ನೋಡಿದರೆ ಗೊತ್ತಾಗುವುದಿಲ್ಲ. ಅವರ ಕಾಗದಗಳು ಮನೆಗೆ ನೀರು ನುಗ್ಗಿದಾಗ ಹಾಳಾಗಿದ್ದವು. ಬಂದವರೆಲ್ಲ ಅಜ್ಜನನ್ನು ಕಳ್ಳನನ್ನು ನೋಡುವಂತೆ ನೋಡಿದರು. ಒಬ್ಬ ಹುಡುಗ ಮುಖಕ್ಕೆ ಹೊಡೆದಂತೆ ‘ಇದು ಕ್ಲೋನ್, ನಕಲಿ’ ಅಂದ. ಅಜ್ಜ ಏನೂ ಮಾತಾಡದೆ ಗ್ಯಾರೇಜಿನ ಬಾಗಿಲು ಇಳಿಸಿದರು. ನಾನು ಅಲ್ಲೇ ನಿಂತಿದ್ದೆ. ಆ ಹುಡುಗನ ಮೇಲೆ ನನಗೆ ಪೂರ್ತಿ ಸಿಟ್ಟೂ ಬರಲಿಲ್ಲ, ಅವನೂ ಎಲ್ಲೋ ಮೋಸ ಹೋಗಿರಬೇಕು. ಸುಳ್ಳು ಮಾರಿದವರು ದುಡ್ಡು ಎಣಿಸಿಕೊಂಡು ಹೋದರು. ಸುಳ್ಳುಗಾರ ಅನ್ನಿಸಿಕೊಂಡವರು ಈ ಅಜ್ಜ.

ನಕಲು ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಆರು ಸಿಲಿಂಡರಿನ ಕಾರಿಗೆ ಒಳ್ಳೆ ವಿ8 ಕೂರಿಸಿ, ಪಟ್ಟೆ ಬಳಿದು, ‘ಇದು ಟ್ರಿಬ್ಯೂಟ್, ಅಸಲಿ ಅಲ್ಲ’ ಅಂತ ಮೊದಲ ಸಾಲಿನಲ್ಲೇ ಬರೆಯುವವರು ಇದ್ದಾರೆ. ಅಂಥವರಿಗೆ ಕೈ ಮುಗಿಯುತ್ತೇನೆ. ಅಂಥ ಕಾರು ಕೊಂಡು ಖುಷಿಯಾಗಿ ಓಡಿಸುವವರು ನನ್ನ ಸ್ನೇಹಿತರಲ್ಲೂ ಇದ್ದಾರೆ. ಆದರೆ ತಲೆಬರಹದಲ್ಲಿ ಝಡ್-28, ಒಳಗೆ ಎಲ್ಲೋ ಇಪ್ಪತ್ತನೇ ಸಾಲಿನಲ್ಲಿ ‘ಹಿಂದಿನ ಮಾಲೀಕರು ಹಾಗೆ ಹೇಳಿದ್ದರು’ ಅಂತ ಬರೆದು ಕೈ ತೊಳೆದುಕೊಳ್ಳುವುದು ಬೇಡ. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಆ ಬೆಲೆ ಕೇಳಬೇಡಿ.

ಜಾಹೀರಾತು ಹಾಕುವ ಸೈಟಿನವರಿಗೂ ಕೇಳುತ್ತೇನೆ. ಫೋನ್ ನಂಬರ್ ಕೊಡದೇ ಜಾಹೀರಾತು ಹಾಕಲು ಬಿಡುವುದಿಲ್ಲ, ವಿನ್ ಇಲ್ಲದೆ ಹೇಗೆ ಬಿಡುತ್ತೀರಿ? ಹದಿಮೂರು ಅಕ್ಷರದ ನಂಬರ್ ಕಡ್ಡಾಯ ಮಾಡಿದರೆ ಅರ್ಧ ಮೋಸ ಅವತ್ತೇ ನಿಲ್ಲುತ್ತದೆ. ಶನಿವಾರ ರಾತ್ರಿಯೇ ನಾನು ಫೋಟೋ ಸಮೇತ ದೂರು ಕೊಟ್ಟೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಒಂದು ಯಂತ್ರದ ಉತ್ತರ ಬಂತು. ಅಭಿಪ್ರಾಯ ಅಲ್ಲ ಸ್ವಾಮಿ ಅದು, ಕಾರಿನ ಮೇಲೆ ಕೊರೆದಿರುವ ಅಂಕಿ.

ನಿನ್ನೆ ರಾತ್ರಿ ನೋಡಿದರೆ ಅದೇ ನೀಲಿ ಕಾರು ಮತ್ತೆ ಬಂದಿದೆ. ಬೇರೆ ಊರಿನ ಹೆಸರು, 3,000 ಡಾಲರ್ ಜಾಸ್ತಿ ಬೆಲೆ. ‘ನಿಜವಾದ ಎಕ್ಸ್33’ ಅನ್ನುವ ಮಾತು ಹಾಗೇ ಇದೆ. ಓಹಾಯೊ, ಇಂಡಿಯಾನಾ ಕಡೆ ಇರುವ ನಮ್ಮವರು ಯಾರಾದರೂ ಅದನ್ನು ನೋಡಲು ಹೊರಟಿದ್ದರೆ ದಯವಿಟ್ಟು ಹೋಗಬೇಡಿ. ಹೋದರೂ ಮುಂಗಡ ಕೊಡಬೇಡಿ. ಡ್ಯಾಶ್‌ಬೋರ್ಡಿನ ಎಡಮೂಲೆಯಲ್ಲಿ ಒಂದು ಟೋಪಿ ಇರುತ್ತದೆ. ಮಾತಿಗೆ ಮುಂಚೆ ಅದನ್ನು ಎತ್ತಿ ಮೂರನೇ ಅಂಕಿ ನೋಡಿ.