ಗೂಳಿ ಟೋಪಿ

ನ್ಯೂಜೆರ್ಸಿಯಿಂದ ಬಂದ ನಮ್ಮ ಷಡ್ಡಕ ವಿಮಾನ ನಿಲ್ದಾಣದಲ್ಲಿ ಕಾರು ಹತ್ತಿದವನೇ, ಸೀಟ್ ಬೆಲ್ಟ್ ಹಾಕಿಕೊಳ್ಳುವ ಮೊದಲೇ ನನ್ನ ತಲೆ ನೋಡಿದ. ತಲೆ ಮೇಲೆ ನೀಲಿ ಟೋಪಿ. ಟೋಪಿ ಮೇಲೆ ದೊಡ್ಡದೊಂದು 'ಡಿ' ಅಕ್ಷರ, ಅದರೊಳಗಿಂದ ನುಗ್ಗಿ ಬರುವ ಗೂಳಿ. "ಭಾವ, ಇದು ಮೈನರ್ ಲೀಗ್ ಅಲ್ವಾ?" ಅಂದ. ಸೀರೆ ಅಂಗಡಿಯಲ್ಲಿ ಸೆರಗು ತಿರುವಿ ನೋಡಿ "ಇದು ಸೆಕೆಂಡ್ಸ್ ಅಲ್ವೇನ್ರಿ?" ಅಂತ ಕೇಳ್ತಾರಲ್ಲ, ಥೇಟ್ ಅದೇ ದನಿ.

ಅವನದು ನ್ಯೂಯಾರ್ಕ್‌ನ ಯಾಂಕೀಸ್ ಟೋಪಿ, ಮೇಜರ್ ಲೀಗಿನದು. ಅದನ್ನು ಮೆಜೆಸ್ಟಿಕ್ಕಿನ ಫುಟ್‌ಪಾತ್‌ನಲ್ಲೂ ಮಾರ್ತಾರೆ, ಹಾಕಿಕೊಳ್ಳೋಕೆ ಬೇಸ್‌ಬಾಲ್ ಗೊತ್ತಿರಬೇಕಾಗಿಯೂ ಇಲ್ಲ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಸುಮ್ನೆ ನಕ್ಕೆ. ಆದರೆ ನಾರ್ತ್ ಕ್ಯಾರೊಲಿನಾದ ಡರ್ಹಮ್‌ನ ನಮ್ಮ ಮನೆ ಬರುವವರೆಗೂ ಒಳಗೇ ಕುದೀತಾ ಇದ್ದೆ. ನಾನು ಡರ್ಹಮ್ ಬುಲ್ಸ್ ಅನ್ನೋ ನಮ್ಮೂರ ಬೇಸ್‌ಬಾಲ್ ತಂಡವನ್ನ ಯಾಕೆ ಇಷ್ಟು ಹಚ್ಚಿಕೊಂಡಿದ್ದೀನಿ ಅಂತ ಅವನಿಗೆ ಒಂದೇ ಮಾತಲ್ಲಿ ಹೇಳಬೇಕಿತ್ತು. ಆಗ ಹೊಳೀಲಿಲ್ಲ. ಈಗ ಹೇಳ್ತೀನಿ.

ಈ 'ಮೈನರ್' ಅನ್ನೋ ಪದದ್ದೇ ತಕರಾರು. ನಮ್ಮಮ್ಮನಿಗೆ ಮೊದಲ ಸಲ ಹೇಳಿದಾಗ "ಅಯ್ಯೋ, ಹದಿನೆಂಟು ತುಂಬದ ಮಕ್ಕಳನ್ನ ರಾತ್ರಿ ಹತ್ತರವರೆಗೂ ಆಡಿಸ್ತಾರೇನೋ?" ಅಂದಳು. ಇಲ್ಲಮ್ಮ, ಮೂವತ್ತು ದಾಟಿದವರೂ ಇದ್ದಾರೆ, ಮೇಲಿನ ಲೀಗಿಗೆ ಇನ್ನೊಂದೇ ಮೆಟ್ಟಿಲು, ಅಂದೆ. "ಮೂವತ್ತಾದರೂ ಮೆಟ್ಟಿಲ ಮೇಲೇ ಇದಾರಾ?" ಅಂದಳು. ಅಮ್ಮನಿಗೆ ಬೇಸ್‌ಬಾಲ್ ಗೊತ್ತಿಲ್ಲ, ಆದರೆ ಅಷ್ಟರಲ್ಲೇ ಅರ್ಧ ಅರ್ಥವಾಗಿತ್ತು.

ಒಂದು ದಿನ ಮೈದಾನದಿಂದಲೇ ವಿಡಿಯೋ ಕಾಲ್ ಮಾಡಿದ್ದೆ. ಎಡಗಡೆ ಗೋಡೆ ಮೇಲೆ ದೊಡ್ಡ ಗೂಳಿಯ ಬೋರ್ಡಿದೆ. ನಮ್ಮವರು ಹೋಮ್ ರನ್ ಹೊಡೆದರೆ ಅದರ ಕಣ್ಣು ಕೆಂಪಗಾಗುತ್ತೆ, ಬಾಲ ಅಲ್ಲಾಡುತ್ತೆ, ಮೂಗಿನಿಂದ ಹೊಗೆ ಬರುತ್ತೆ. ಸರಿಯಾಗಿ ಆ ಹೊತ್ತಿಗೇ ಒಬ್ಬ ಹೊಡೆದ. ಅಮ್ಮ ಹುಟ್ಟಿ ಬೆಳೆದದ್ದು ಬಸವನಗುಡಿ. ಹೊಗೆ ಬಿಡುವ ಬಸವಣ್ಣನನ್ನು ನೋಡಿ ಫೋನಿನಲ್ಲೇ ಕೈ ಮುಗಿದಳು. "ಅಲ್ಲೇನೋ ಬರೆದಿದೆಯಲ್ಲ, ಏನದು?" ಅಂತ ಕೇಳಿದಳು. ಚೆಂಡು ಗೂಳಿಗೆ ತಗುಲಿಸಿದ ಆಟಗಾರನಿಗೆ ಸ್ಟೇಕ್ ಬಹುಮಾನ ಅಂತ ಬರೆದಿತ್ತು. ಸ್ಟೇಕ್ ಅಂದರೆ ಆ ಬಸವಣ್ಣನದೇ. ನಾನು ಅದರ ಕೆಳಗಿನ ಸಾಲು ಓದಿ ಹೇಳಿದೆ: ಹುಲ್ಲಿಗೆ ತಗುಲಿಸಿದರೆ ಸಲಾಡ್. "ಒಳ್ಳೇ ಜನ," ಅಂದಳು.

ಸುಖ ಇಲ್ಲೇ ಎಲ್ಲೋ ಇದೆ ಅನ್ನಿಸುತ್ತೆ. ದುಃಖ ಎಲ್ಲಿದೆ ಅಂತ ಮಾತ್ರ ಖಚಿತವಾಗಿ ಗೊತ್ತು. ನಮ್ಮಲ್ಲಿ ಚೆನ್ನಾಗಿ ಆಡಿದವನು ನಮ್ಮಲ್ಲಿ ಉಳಿಯೋದಿಲ್ಲ. ಏಪ್ರಿಲ್‌ನಲ್ಲಿ ಒಬ್ಬ ಬರ್ತಾನೆ, ಮೇ ತಿಂಗಳಲ್ಲಿ ಅವನ ಹೆಸರು ಬಾಯಿಗೆ ಹತ್ತುತ್ತೆ, ಜೂನ್‌ನಲ್ಲಿ ಒಂದು ಸಂಜೆ ಹೋಗಿ ನೋಡಿದರೆ ಅವನ ಜಾಗದಲ್ಲಿ ಇನ್ಯಾರೋ ನಿಂತಿರ್ತಾನೆ. ಬಡ್ತಿ, ಜೊತೆಗೇ ಎತ್ತಂಗಡಿ. ಖುಷಿ ಪಡಬೇಕು, ಪಡ್ತೀವಿ. ಮಗಳನ್ನು ಗಂಡನ ಮನೆಗೆ ಕಳಿಸಿ ಛತ್ರದ ಬಾಕಿ ಲೆಕ್ಕ ನೋಡುವವನ ಥರದ ಖುಷಿ. ಹಿಂದೆ ರಣಜಿ ನೋಡೋಕೆ ಚಿನ್ನಸ್ವಾಮಿಯ ಖಾಲಿ ಸ್ಟ್ಯಾಂಡಿನಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಷಡ್ಡಕನಿಗೆ ಹೇಳೋಕೆ ಹೊರಟದ್ದು ಪಾಟಕೆಟ್ ಕಥೆ. 1981ರ ಏಪ್ರಿಲ್ 18, ಶನಿವಾರ ರಾತ್ರಿ, ಬೆಳಗಾದರೆ ಈಸ್ಟರ್. ರೋಡ್ ಐಲೆಂಡ್‌ನ ಪಾಟಕೆಟ್‌ಗೂ ರಾಚೆಸ್ಟರ್‌ಗೂ ಆಟ. ನಮ್ಮ ಹಾಗೇ ಮೇಲಿನಿಂದ ಒಂದು ಮೆಟ್ಟಿಲು ಕೆಳಗಿನವರು. ಟಿಕೆಟ್ ತಗೊಂಡವರು 1,740 ಜನ. ಬೇಸ್‌ಬಾಲ್ ಒಂಬತ್ತು ಇನಿಂಗ್ಸ್‌ನ ಆಟ, ಸಮವಾದರೆ ಮುಂದುವರಿಯುತ್ತೆ. ಒಂಬತ್ತು ಮುಗಿದಾಗ 1-1. ಸರಿ, ಇನ್ನೊಂದು ಇನಿಂಗ್ಸ್. ಆಮೇಲೆ ಇನ್ನೊಂದು. 21ನೇ ಇನಿಂಗ್ಸ್‌ನಲ್ಲಿ ರಾಚೆಸ್ಟರ್ ಒಂದು ರನ್ ಗಳಿಸಿತು. ಸದ್ಯ, ಮನೆಗೆ ಹೋಗಬಹುದು ಅಂತ ಎಲ್ಲರೂ ಅಂದುಕೊಂಡರೇನೋ. ಅದೇ ಇನಿಂಗ್ಸ್‌ನಲ್ಲಿ ಪಾಟಕೆಟ್‌ನ ವೇಡ್ ಬಾಗ್ಸ್ ಅನ್ನೋ ಹುಡುಗ ಹೊಡೆದು 2-2 ಮಾಡಿಟ್ಟ. ಅವನಿಗೆ ಚಪ್ಪಾಳೆ ತಟ್ಟಬೇಕೋ ಹಿಡಿದು ಬಡಿಯಬೇಕೋ, ಹೇಳಿ.

ಚಳಿ ಅಂದರೆ ಚಳಿ. ಮುರಿದ ಬ್ಯಾಟುಗಳನ್ನು ಡ್ರಮ್ಮಿಗೆ ಹಾಕಿ ಬೆಂಕಿ ಕಾಯಿಸಿಕೊಂಡರು. ರಾತ್ರಿ 12:50ರ ಮೇಲೆ ಹೊಸ ಇನಿಂಗ್ಸ್ ಶುರು ಮಾಡಬಾರದು ಅಂತ ಆ ಲೀಗಿನಲ್ಲಿ ನಿಯಮವಿತ್ತು. ಅಂಪೈರ್ ಕೈಯಲ್ಲಿದ್ದ ಪ್ರತಿಯಲ್ಲಿ ಆ ಸಾಲೇ ಬಿಟ್ಟುಹೋಗಿತ್ತು! ಲೀಗಿನ ಅಧ್ಯಕ್ಷರು ಫೋನಿಗೆ ಸಿಗುವ ಹೊತ್ತಿಗೆ ಮೂರು ದಾಟಿತ್ತು. ಆಟ ನಿಂತದ್ದು ಬೆಳಗಿನ ಜಾವ 4:07ಕ್ಕೆ, 32 ಇನಿಂಗ್ಸ್ ಆದಮೇಲೆ, ಆಗಲೂ 2-2.

ಪಾಟಕೆಟ್‌ನ ಬೌಲರ್ ಲೂಯಿಸ್ ಅಪಾಂಟೆಯದ್ದೊಂದು ಕಥೆ ಹೇಳ್ತಾರೆ. ಅವನ ಪಾಳಿ ಯಾವಾಗಲೋ ಮುಗಿದಿತ್ತು, ನಡುರಾತ್ರಿ ಕಳೆದ ಮೇಲೆ ಮನೆಗೆ ಹೋದ. ಎಲ್ಲಿ ಹೋಗಿದ್ದೆ ಅಂತ ಹೆಂಡತಿ ಕೇಳಿದಳು. ಮ್ಯಾಚು, ಅಂದ. ಈ ಹೊತ್ತಲ್ಲಿ ಯಾವ ಮ್ಯಾಚು ಅಂತ ಅವಳು ಬಾಗಿಲು ತೆಗೆಯಲಿಲ್ಲ. ನಾಳೆ ಪೇಪರಿನಲ್ಲಿ ನೋಡು ಅಂದನಂತೆ. ಪೇಪರು ಆಟ ಮುಗಿಯೋಕೆ ಮೊದಲೇ ಅಚ್ಚಿಗೆ ಹೋಗಿತ್ತು. ಸೋಮವಾರದವರೆಗೂ ಪಾಪದವನ ಹತ್ತಿರ ಸಾಕ್ಷಿಯೇ ಇರಲಿಲ್ಲ.

ಜೂನ್ 23ಕ್ಕೆ ಆಟ ಮುಂದುವರಿಯಿತು. ಆ ಹೊತ್ತಿಗೆ ಮೇಜರ್ ಲೀಗಿನ ದೊಡ್ಡ ಮನುಷ್ಯರು ಮುಷ್ಕರ ಹೂಡಿ ಕೂತಿದ್ದರು. ಬರೆಯೋಕೆ ಬೇರೆ ಆಟವಿಲ್ಲದೆ ಪತ್ರಕರ್ತರ ದಂಡೇ ಪಾಟಕೆಟ್‌ಗೆ ಬಂತು. 5,746 ಜನ ಟಿಕೆಟ್ ತಗೊಂಡು ಒಳಗೆ ಬಂದರು, ಆಟ 18 ನಿಮಿಷದಲ್ಲಿ ಮುಗಿಯಿತು. ಇಂಥವರನ್ನು ಕಂಡರೆ ನನಗಾಗಲ್ಲ. ಹೋಳಿಗೆ ಬಡಿಸುವ ಹೊತ್ತಿಗೆ ಪಂಕ್ತಿಗೆ ನುಗ್ಗುವವರು. ಈಸ್ಟರ್ ದಿನ ನಾಲ್ಕು ಗಂಟೆಯ ಚಳಿಯಲ್ಲಿ ಕೊನೆಗೆ ಉಳಿದವರು ಎಷ್ಟು ಜನ ಗೊತ್ತಾ? 19.

ಗೆಲ್ಲಿಸುವ ಹೊಡೆತ ಹೊಡೆದದ್ದು ಪಾಟಕೆಟ್‌ನ ಡೇವ್ ಕೋಜಾ. ಆ ಆಟದಲ್ಲಿ ಬಾಗ್ಸ್ 12 ಅವಕಾಶಕ್ಕೆ 4 ಸಲ ಹೊಡೆದ. ರಾಚೆಸ್ಟರ್ ಕಡೆಯ ಕ್ಯಾಲ್ ರಿಪ್ಕನ್ 13ಕ್ಕೆ 2. ಕೋಜಾ 14ಕ್ಕೆ 5. ಬಾಗ್ಸ್, ರಿಪ್ಕನ್ ಇಬ್ಬರೂ ಹಾಲ್ ಆಫ್ ಫೇಮ್ ಸೇರಿದರು. ಕೋಜಾ ಮೇಜರ್ ಲೀಗಿನಲ್ಲಿ ಒಂದೇ ಒಂದು ದಿನವೂ ಆಡಲಿಲ್ಲ.

ಇಂಥ ರಾತ್ರಿ ಇನ್ನು ಬರೋದಿಲ್ಲ. 2018ರಿಂದ ಮೈನರ್ ಲೀಗುಗಳಲ್ಲಿ ಹತ್ತನೇ ಇನಿಂಗ್ಸ್ ಬಂದ ಕೂಡಲೇ ಒಬ್ಬನನ್ನು ಪುಗಸಟ್ಟೆ ಎರಡನೇ ಬೇಸಿನಲ್ಲಿ, ಅಂದರೆ ರನ್ನಿನ ಅರ್ಧ ದಾರಿಯಲ್ಲಿ, ತಂದು ನಿಲ್ಲಿಸ್ತಾರೆ. ಬೇಗ ಮುಗೀಲಿ ಅಂತ. ಯಾರಿಗ್ರೀ ಅವಸರ?

ಷಡ್ಡಕನಿಗೆ ಇತ್ತು. ಶುಕ್ರವಾರ ಅವನನ್ನೂ ಕರೆದುಕೊಂಡು ಹೋಗಿದ್ದೆ. ಎಂಟನೇ ಇನಿಂಗ್ಸ್‌ನಲ್ಲಿ ಪಾಟಕೆಟ್ ಕಥೆ ಶುರು ಮಾಡಿದೆ. "ಭಾವ, ಈಗ ಹೊರಟರೆ ಪಾರ್ಕಿಂಗ್ ಗಲಾಟೆ ಇರಲ್ಲ," ಅಂದ. ಕಥೆ ಆಗಿನ್ನೂ 14ನೇ ಇನಿಂಗ್ಸ್‌ನಲ್ಲಿತ್ತು. ನಾನು ಏಳಲಿಲ್ಲ. ಅವನು ಕಾರಿನ ಕೀ ತಗೊಂಡು ಹೋಗಿ ಎಸಿ ಹಾಕಿಕೊಂಡು ಕೂತ.

ಮೊನ್ನೆ ನ್ಯೂಜೆರ್ಸಿಯಿಂದ ಫೋನ್ ಮಾಡಿದ್ದ. ಆಫೀಸಿನಲ್ಲಿ ಯಾರೋ ಗೂಳಿ ಟೋಪಿ ಹಾಕಿಕೊಂಡು ಬಂದಿದ್ದರಂತೆ, ಎಲ್ಲರೂ ಚೆನ್ನಾಗಿದೆ ಅಂದರಂತೆ. "ಭಾವ, ನನಗೂ ಒಂದು ತಗೊಂಡು ಕಳಿಸ್ತೀರಾ?" ಅಂದ.

ಅವರ ಅಂಗಡಿ ಆನ್‌ಲೈನಲ್ಲೂ ಇದೆ, ಅಂದೆ.